ಉತ್ತರಯಂತ್ರವೆಂದು ತೀರ್ಮಾನವಾದ ಚಿಕ್ಕಮ್ಮ

ಮಾರ್ಚ್ ಮೂರನೆಯ ತಾರೀಖು, ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ ಉತ್ತರ ಕಾಣದೆ ಉಳಿದಿದ್ದ ದೂರುಗಳ ಸಂಖ್ಯೆ ಒಂದು ಸಾವಿರದ ಮುನ್ನೂರ ನಲವತ್ತೇಳು. ದಿನಕ್ಕೆ ಒಂಬತ್ತು ಬರುತ್ತಿದ್ದವು, ಆರು ತೀರುತ್ತಿದ್ದವು. ಉಳಿದ ಮೂರು ಮರುದಿನದ ಮೇಲೆ ಬೀಳುತ್ತಿದ್ದವು. ಹೀಗೆ ನಾನೂರ ನಲವತ್ತೊಂಬತ್ತು ದಿನ ನಡೆದರೆ ಬರುವ ಮೊತ್ತ ಅದು. ಇದರಲ್ಲಿ ವಿಧಿಯ ಕೈವಾಡವೇನೂ ಇರಲಿಲ್ಲ. ಕಳೆಯುವ ಲೆಕ್ಕ ಬಲ್ಲ ಯಾರಿಗಾದರೂ ಮೊದಲನೆಯ ದಿನವೇ ತಿಳಿಯಬಹುದಾಗಿತ್ತು.

ದೂರುಗಳೆಲ್ಲ ಒಂದು ಪ್ರೋಗ್ರಾಮಿನ ಮೇಲೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬ ಕತೆ ಕಟ್ಟುತ್ತ ಹೋಗಿ, ಮಿಕ್ಕವರು ಆ ಕತೆಯೊಳಗೆ ಯೋಧ, ಕಳ್ಳ, ಮಾಂತ್ರಿಕ ಮುಂತಾದ ಪಾತ್ರಗಳಾಗಿ, ಒಂದೊಂದು ಸಾಹಸಕ್ಕೂ ದಾಳ ಉರುಳಿಸಿ ಆಡುವ ಒಂದು ಬಗೆಯ ಆಟವಿದೆ. ಬೇರೆ ಬೇರೆ ಊರುಗಳಲ್ಲಿ ಇರುವವರಿಗೆ ಒಂದೇ ಮೇಜು ಒದಗುವುದಿಲ್ಲವಾದ್ದರಿಂದ ಆ ಮೇಜನ್ನೇ ಕಂಪ್ಯೂಟರಿನ ಪರದೆಯ ಮೇಲೆ ಹಾಸಿಕೊಡುವುದು ಈ ಪ್ರೋಗ್ರಾಮಿನ ಕೆಲಸ: ಚೌಕಳಿಯ ನಕ್ಷೆ, ಗೋಡೆ, ಬಾಗಿಲು, ಕತ್ತಲೆ, ದಾಳ. ಇದಕ್ಕೆ ಬೆಲೆಯಿಲ್ಲ. ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಬೇಕಾದವರು ಓದಬಹುದು, ತಿದ್ದಬಹುದು. ಓದಿದವರು ಕಡಿಮೆ, ತಿದ್ದಿದವರು ಇನ್ನೂ ಕಡಿಮೆ. ದೂರು ಬರೆಯುವುದಕ್ಕೆ ಮಾತ್ರ ಎಲ್ಲರಿಗೂ ಬಿಡುವಿತ್ತು.

ಇದನ್ನು ಒಂಬತ್ತು ವರ್ಷಗಳಿಂದ ಒಬ್ಬಳೇ ನಡೆಸಿಕೊಂಡು ಬಂದವಳು ಲಿಫ್ಟ್ ತಯಾರಿಸುವ ಕಂಪನಿಯೊಂದರಲ್ಲಿ ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುವ ಹೆಂಗಸು. ಕಚೇರಿಗೆ ಹೊರಡುವ ಮುನ್ನ ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ ಇದಕ್ಕೇ ಹೋಗುತ್ತಿತ್ತು. ಹತ್ತಾರು ಸಾವಿರ ಜನರಿಗೆ ಮೇಜು ಹಾಸಿಕೊಟ್ಟವಳು ತಾನು ಆಟಕ್ಕೆ ಕುಳಿತು ಎರಡು ವರ್ಷವಾಗಿತ್ತು. ಆದ್ದರಿಂದ ಅವಳೊಂದು ಪ್ರಕಟಣೆ ಹೊರಡಿಸಿದಳು: ಜೂನ್ ಮೂವತ್ತರೊಳಗೆ ಬಾಕಿ ನೂರಕ್ಕಿಂತ ಕೆಳಗಿಳಿಯದಿದ್ದರೆ ಪ್ರೋಗ್ರಾಮಿಗೆ ಬೀಗ. ಬೀಗ ಬಿದ್ದ ಮೇಲೆ ದುರಸ್ತಿ ಇರುವುದಿಲ್ಲ. ದುರಸ್ತಿ ಇಲ್ಲದ ಪ್ರೋಗ್ರಾಮು ಒಂದೆರಡು ವರ್ಷಗಳಲ್ಲಿ ತಾನಾಗಿ ಕೆಟ್ಟು ನಿಲ್ಲುತ್ತದೆ. ಪ್ರಕಟಣೆಯನ್ನು ಓದಿ ಬಳಕೆದಾರರು ಬಹಳ ನೊಂದುಕೊಂಡರು. ಆ ನೋವನ್ನು ತೋಡಿಕೊಳ್ಳಲು ಅಂದೇ ನಲವತ್ತು ಹೊಸ ದೂರು ಬರೆದರು. ಅವನ್ನು ಇಲ್ಲಿನ ಯಾವ ಲೆಕ್ಕದಲ್ಲೂ ಹಿಡಿದಿಲ್ಲ.

ಅದೇ ಮನೆಯ ಮುಂದಿನ ಕೋಣೆಯಲ್ಲಿ ಅವಳ ಚಿಕ್ಕಮ್ಮ ಇದ್ದರು. ನಗರದ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಕುಳಿತು ನಿವೃತ್ತರಾದವರು. ನಿವೃತ್ತಿಯ ಎರಡು ವರ್ಷಗಳಲ್ಲಿ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಕ್ರಮದಲ್ಲಿ ನಾಲ್ಕು ಬಾರಿ ಜೋಡಿಸಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಬಾಕಿಯ ಸಂಖ್ಯೆ ಅವರ ಕಿವಿಗೆ ಬಿತ್ತು.

“ಸಾವಿರದ ಮುನ್ನೂರಾ?” ಎಂದರು. “ನಮ್ಮ ಆಫೀಸಲ್ಲಿ ಬೇಸಿಗೆಯ ಒಂದು ವಾರದ ಲೆಕ್ಕ ಅದು. ಅಷ್ಟಕ್ಕೆ ಬೀಗ ಹಾಕ್ತೀನಿ ಅಂತೀಯಲ್ಲೇ.”

“ಅಲ್ಲಿ ನೀರು ಬರ್ತಿಲ್ಲ ಅಂತ ದೂರು, ಚಿಕ್ಕಮ್ಮ. ಇಲ್ಲಿ ಡ್ರ್ಯಾಗನ್ ಬಾಗಿಲಲ್ಲಿ ತೂರ್ತಿಲ್ಲ ಅಂತ.”

“ದೂರು ದೂರೇ. ಎಲ್ಲಿ, ತೋರಿಸು.”

ಮಾರ್ಚ್ ನಾಲ್ಕರಿಂದ ಕೆಲಸ ಆರಂಭವಾಯಿತು. ಹೆಸರು ತುಂಬುವ ಜಾಗದಲ್ಲಿ ಚಿಕ್ಕಮ್ಮ ಅಭ್ಯಾಸಬಲದಿಂದ ‘ದೂರು ವಿಭಾಗ’ ಎಂದು ಬರೆದರು. ಭಾವಚಿತ್ರದ ಜಾಗ ಬೂದು ಚೌಕವಾಗಿಯೇ ಉಳಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೂರುವುದು, ಮಧ್ಯಾಹ್ನ ಒಂದಕ್ಕೆ ಏಳುವುದು, ಭಾನುವಾರವೂ ಸೇರಿ ದಿನಕ್ಕೆ ಇಪ್ಪತ್ತೈದು ದೂರು ತೀರಿಸುವುದು. ಕೋಡ್ ಅವರಿಗೆ ಬರುತ್ತಿರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ನೂರು ದೂರಿನಲ್ಲಿ ನಿಜವಾದ ದೋಷ ಹನ್ನೊಂದಕ್ಕಿಂತ ಹೆಚ್ಚಿಲ್ಲವೆಂದು ಎರಡನೆಯ ವಾರದಲ್ಲೇ ಕಂಡುಕೊಂಡರು. ಆ ಹನ್ನೊಂದು ಅಕ್ಕನ ಮಗಳಿಗೆ; ಉಳಿದ ಎಂಬತ್ತೊಂಬತ್ತಕ್ಕೆ ಅವರೇ ಸಾಕು.

ಇಪ್ಪತ್ತು ಮುಖದ ದಾಳದಲ್ಲಿ ತನಗೆ ಸತತವಾಗಿ ಮೂರು ಬಾರಿ ಒಂದರ ಅಂಕೆಯೇ ಬಿದ್ದಿತೆಂದೂ ಪ್ರೋಗ್ರಾಮಿಗೆ ತನ್ನ ಮೇಲೆ ಹಗೆಯಿದೆಯೆಂದೂ ಒಬ್ಬ ಬರೆದಿದ್ದ. ಚಿಕ್ಕಮ್ಮನ ಉತ್ತರ: “ಹಾಗಾಗುವ ಸಂಭವ ಎಂಟು ಸಾವಿರಕ್ಕೆ ಒಂದು. ಇಲ್ಲಿ ದಿನಕ್ಕೆ ಎರಡು ಲಕ್ಷ ದಾಳ ಉರುಳುತ್ತವೆ. ಆ ದಿನದ ಸರದಿ ನಿಮ್ಮದಾಗಿತ್ತು. ದೂರು ಮುಕ್ತಾಯ.” ಇನ್ನೊಬ್ಬ ವಿಷಯವೇ ಇಲ್ಲದೆ ನಾಲ್ಕು ಸಾಲು ಬೈಗುಳ ಬರೆದಿದ್ದ. ಅದಕ್ಕೆ: “ವಿಷಯಕ್ಕೆ ಸಂಬಂಧಿಸಿದ ಅಂಶ ಕಂಡುಬಂದಿಲ್ಲ. ನಕ್ಷೆಯನ್ನು ಏಳು ದಿನದೊಳಗೆ ಲಗತ್ತಿಸತಕ್ಕದ್ದು.” ಅವನು ನಿಜಕ್ಕೂ ನಕ್ಷೆ ಲಗತ್ತಿಸಿದ. ಧನ್ಯವಾದ ಹೇಳಿದವರಿಗೆ ಚಿಕ್ಕಮ್ಮ ಉತ್ತರಿಸುತ್ತಿರಲಿಲ್ಲ; ಧನ್ಯವಾದವು ದೂರಲ್ಲ.

ದಿನಕ್ಕೆ ಹದಿನಾರರಂತೆ ಬಾಕಿ ಕರಗತೊಡಗಿತು. ಸಹಜವಾಗಿಯೇ ಬಳಕೆದಾರರಿಗೆ ಅನುಮಾನ ಬಂತು. ಒಂಬತ್ತು ವರ್ಷಗಳಿಂದ ತಡವಾಗಿ ಬರುತ್ತಿದ್ದ ಉತ್ತರ ಈಗ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಭಾನುವಾರವೂ ಬರುತ್ತಿತ್ತು, ಬೈದರೆ ಸಿಟ್ಟಾಗುತ್ತಿರಲಿಲ್ಲ, ವಾಕ್ಯಗಳು ಪೂರ್ಣವಾಗಿದ್ದವು. ಇವುಗಳಲ್ಲಿ ಒಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಏಪ್ರಿಲ್ ಮಧ್ಯದ ಹೊತ್ತಿಗೆ, ಉತ್ತರಿಸುತ್ತಿರುವುದು ಮನುಷ್ಯರಲ್ಲ, ಯಂತ್ರ ಎಂಬ ಅಭಿಪ್ರಾಯ ಗಟ್ಟಿಯಾಯಿತು. ಯಂತ್ರವನ್ನು ನಿಲ್ಲಿಸಬೇಕೆಂದು ಒಬ್ಬ ಮತಕ್ಕಿಟ್ಟ.

ಇಲ್ಲಿ ಏಳನೆಯ ನಿಯಮದ ವಿಚಾರ ಹೇಳಬೇಕು. ಪ್ರೋಗ್ರಾಮು ಹುಟ್ಟಿದ ವರ್ಷ, ಇಪ್ಪತ್ತೈದರ ಹರೆಯದ ಉತ್ಸಾಹದಲ್ಲಿ, ಅಕ್ಕನ ಮಗಳೇ ಬರೆದ ನಿಯಮ ಅದು: ಯಾವುದೇ ಉತ್ತರಯಂತ್ರವನ್ನು ಐವತ್ತು ಬಳಕೆದಾರರು ಬೇಡವೆಂದರೆ ನಿಲ್ಲಿಸತಕ್ಕದ್ದು, ಮತ್ತೆ ನಡೆಸಬೇಕಾದರೆ ಐವತ್ತು ಮತ ಬೇಕು, ಒಂದು ವಸ್ತು ಯಂತ್ರವೋ ಅಲ್ಲವೋ ಎಂಬುದನ್ನು ಬಳಕೆದಾರರೇ ತೀರ್ಮಾನಿಸತಕ್ಕದ್ದು. ಪ್ರಜಾಪ್ರಭುತ್ವವನ್ನು ಅಷ್ಟು ಅಗ್ಗವಾಗಿ ಹಂಚಿದವರು ಕಡಿಮೆ.

ಮತ ಇಪ್ಪತ್ತು ದಾಟಿದಾಗ ಅಕ್ಕನ ಮಗಳು ಪ್ರಕಟಣೆ ಹಾಕಿದಳು: ಉತ್ತರಿಸುತ್ತಿರುವವರು ನನ್ನ ಸ್ವಂತ ಚಿಕ್ಕಮ್ಮ. ಯಂತ್ರಕ್ಕೆ ಬಂಧುತ್ವ ಹಚ್ಚಿ ಜನರ ಮನ ಕರಗಿಸುವುದು ಕಂಪನಿಗಳ ಹಳೆಯ ತಂತ್ರವೆಂದು ತಿಳಿದವರು ಉತ್ತರ ಕೊಟ್ಟರು. ಮತ ಇಪ್ಪತ್ತೊಂಬತ್ತಾಯಿತು. ಫೋಟೋ ಹಾಕೋಣವೆಂದರೆ, ಫೋಟೋವನ್ನೂ ಈಗ ಯಂತ್ರಗಳೇ ಬರೆಯುತ್ತವೆ ಎಂದರು. ಅಂದಿನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ವಿಡಿಯೋದಲ್ಲಿ ಕಾಣಿಸಿಕೊಳ್ಳಲಿ ಎಂದು ಒಬ್ಬ ಸೂಚಿಸಿದ. ಅಕ್ಕನ ಮಗಳು ಅದನ್ನು ಹಿಂಜರಿಯುತ್ತಲೇ ಮುಂದಿಟ್ಟಳು.

“ನನ್ನನ್ನೇನು ಯಾರಾದ್ರೂ ಅಪಹರಿಸಿದಾರಾ, ಪೇಪರ್ ಹಿಡ್ಕೊಂಡು ಕೂರೋದಕ್ಕೆ?” ಎಂದರು ಚಿಕ್ಕಮ್ಮ. “ಮೂವತ್ತೊಂದು ವರ್ಷದಲ್ಲಿ ನೀರಿಲ್ಲದವರು ಬಂದು ಬಾಯಿಗೆ ಬಂದದ್ದೆಲ್ಲ ಅಂದಿದಾರೆ. ನೀನು ಮನುಷ್ಯಳಾ ಅಂತಲೂ ಕೇಳಿದಾರೆ. ಪುರಾವೆ ಯಾರೂ ಕೇಳಲಿಲ್ಲ.”

ಇಷ್ಟರಲ್ಲಿ 14118ನೆಯ ದೂರು ಬಂತು. ಬರೆದವನು ಔಷಧಿ ಅಂಗಡಿಯಲ್ಲಿ ಔಷಧಿ ಕೊಡುವವನು. ತನ್ನ ನಾಲ್ವರು ಗೆಳೆಯರಿಗೆ ಕತೆ ಕಟ್ಟಿ ಆಡಿಸುವವನೂ ಅವನೇ. ನಾಲ್ಕು ತಿಂಗಳು ಕಟ್ಟಿದ ಕತೆಯಲ್ಲಿ ರಾಜದ್ರೋಹಿಯೊಬ್ಬನನ್ನು ಒಂದು ಕೋಣೆಯಲ್ಲಿ ಬಚ್ಚಿಟ್ಟಿದ್ದ. ಆಟಗಾರರಲ್ಲೊಬ್ಬ ಹೊರಗೆ, ಗೋಡೆಯ ಮೂಲೆಗೆ ನಿಂತು, ಗೋಡೆಯಾಚೆಗಿನ ದ್ರೋಹಿಯನ್ನು ನೋಡಿ ನಮಸ್ಕಾರ ಹೇಳಿದನಂತೆ. ಬಾಗಿಲಿನ ಕುರಿತು ಹಿಂದೆ ಬಂದಿದ್ದ ದೂರಿನ ನಕಲೆಂದು ಬಗೆದು ಚಿಕ್ಕಮ್ಮ ಇದನ್ನು ಮುಗಿಸಿಬಿಟ್ಟರು. ಔಷಧಿಯವನು ಬಿಡಲಿಲ್ಲ; ನಕ್ಷೆಯನ್ನು ಅಳತೆ ಸಹಿತ ಮತ್ತೆ ಕಳುಹಿಸಿದ.

ಚಿಕ್ಕಮ್ಮ ಚೌಕಳಿ ಕಾಗದದ ಮೇಲೆ ಅದನ್ನು ಬಿಡಿಸಿ ನೋಡಿದರು. ಒಂದು ಗೋಡೆ ಏಳನೆಯ ಗೆರೆಯಲ್ಲಿ ಮುಗಿಯುತ್ತಿತ್ತು. ಅದಕ್ಕೆ ಕೂಡಬೇಕಾದ ಇನ್ನೊಂದು ಏಳರ ಮೇಲೆ ನೂರರಲ್ಲಿ ಎರಡು ಭಾಗ ದೂರದಲ್ಲಿ ಆರಂಭವಾಗುತ್ತಿತ್ತು. ಅಷ್ಟು ಸಂದಿನಲ್ಲಿ ರಾಜ್ಯದ ಗುಟ್ಟು ಸೋರಿಹೋಗಿತ್ತು. ದೋಷ ಪ್ರೋಗ್ರಾಮಿನದು, ಅದನ್ನು ಕಾಣದೆ ಹೋದದ್ದು ತಮ್ಮದು. ಮೇ ಒಂದರಂದು ಅವರು ಬರೆದರು: “ತಪ್ಪು ನನ್ನದು. ದೂರನ್ನು ಮತ್ತೆ ತೆರೆಯಲಾಗಿದೆ. ಎಂಟನೆಯ ತಾರೀಖಿನೊಳಗೆ ಸರಿಪಡಿಸಲಾಗುವುದು. ಕ್ಷಮಿಸಿ.”

ಆವರೆಗೆ ಮತಗಳು ಮೂವತ್ತೆಂಟರಲ್ಲಿ ನಿಂತಿದ್ದವು. ಈ ಒಂದು ಉತ್ತರ ಅನುಮಾನಕ್ಕೆ ಎಡೆಯೇ ಉಳಿಸಲಿಲ್ಲ. ನೆಪ ಹೇಳದೆ, ಎದುರಿನವನನ್ನು ದೂರದೆ, ಕೇಳಿದ ಮರುಗಳಿಗೆ ತಪ್ಪೊಪ್ಪಿಕೊಳ್ಳುವುದು ಮನುಷ್ಯಮಾತ್ರರಿಂದ ಸಾಧ್ಯವೇ ಎಂದು ಒಬ್ಬ ಕೇಳಿದ; ಉಳಿದವರು ತಂತಮ್ಮ ಅನುಭವವನ್ನು ನೆನೆದು ಒಪ್ಪಿದರು. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಮತ ಐವತ್ತಾಯಿತು. ಐವತ್ತನೆಯವನು ಔಷಧಿಯವನು.

ಅಂದು ಶುಕ್ರವಾರ. ಅಕ್ಕನ ಮಗಳು ಕಚೇರಿಯಿಂದ ಅರ್ಧ ದಿನದ ರಜೆ ಹಾಕಿ ಬಂದಳು. ಚಿಕ್ಕಮ್ಮ ಅಂದಿನ ಇಪ್ಪತ್ತೈದನ್ನು ಮುಗಿಸಿ ಕನ್ನಡಕ ಒರೆಸುತ್ತಿದ್ದರು. ಅರುವತ್ತು ದಿನದಲ್ಲಿ ಸಾವಿರದ ಐನೂರು ದೂರು ತೀರಿದ್ದವು. ಬಾಕಿ ಮುನ್ನೂರ ಎಂಬತ್ತೇಳು. ಇನ್ನು ಹದಿನೆಂಟು ದಿನ ಬಿಟ್ಟಿದ್ದರೆ ಬಾಕಿ ತೊಂಬತ್ತೊಂಬತ್ತಕ್ಕೆ ಇಳಿಯುತ್ತಿತ್ತು.

“ನಿಲ್ಲಿಸು,” ಎಂದರು ಚಿಕ್ಕಮ್ಮ.

“ನಿಲ್ಲಿಸೋದು ಅಂದ್ರೆ ನಿನ್ನನ್ನಾ? ಆ ನಿಯಮ ಹರಿದು ಹಾಕ್ತೀನಿ, ಸುಮ್ನಿರು.”

“ಬರೆದವಳು ನೀನು. ಐವತ್ತು ಅಂತ ಬರೆದೆ, ಐವತ್ತಾಯ್ತು. ನಲವತ್ತೊಂಬತ್ತಾಗಿದ್ದಿದ್ರೆ ನಾನೇ ಜಗಳ ಆಡ್ತಿದ್ದೆ.”

“ನೀನು ಎದ್ರೆ ಇದಕ್ಕೆ ಬೀಗ ಬೀಳತ್ತೆ ಚಿಕ್ಕಮ್ಮ. ಒಂಬತ್ತು ವರ್ಷದ ದುಡಿಮೆ ನಂದು.”

“ಗೊತ್ತು. ಅದಕ್ಕೇ ನಿಯಮ ಮುರೀಬೇಡ ಅನ್ನೋದು. ನಾಳೆ ನಿನ್ನನ್ನೂ ಯಾರೂ ನಂಬಲ್ಲ.”

ಒಂದು ಗಂಟೆಗೆ ಯಂತ್ರವನ್ನು ನಿಲ್ಲಿಸಲಾಯಿತು. ಯಂತ್ರ ಎದ್ದು ಹೋಗಿ ಊಟಕ್ಕೆ ತಟ್ಟೆ ಹಾಕಿತು.

ಅಕ್ಕನ ಮಗಳು ಮತ ಹಾಕಿದ ಐವತ್ತು ಜನಕ್ಕೂ ಒಂದೇ ಪತ್ರ ಬರೆದಳು: ತಮ್ಮ ಇಚ್ಛೆ ನೆರವೇರಿದೆ, ಇನ್ನು ಉತ್ತರಿಸುವ ಮನುಷ್ಯರು ಬೇಕು, ಬಾಕಿಯನ್ನು ಹಂಚಿದರೆ ತಲೆಗೆ ಎಂಟೂ ಬೀಳುವುದಿಲ್ಲ. ನಲವತ್ತೈದು ಮಂದಿ ಮೌನ ವಹಿಸಿದರು. ಮೂವರು ಈ ಕೆಲಸವನ್ನು ಬೇರೆಯವರು ಹೇಗೆ ಮಾಡಬೇಕೆಂದು ವಿವರವಾಗಿ ತಿಳಿಸಿದರು. ಒಬ್ಬ ಮುಂದೆ ಬಂದು, ಒಂದು ದೂರು ಓದಿ, ತನ್ನ ಆರೋಗ್ಯ ಸರಿಯಿಲ್ಲವೆಂದು ಹಿಂದೆ ಹೋದ. ಉಳಿದವನು ಔಷಧಿಯವನು. ಅವನಿಗೆ ಅವಳು ಮನೆಯ ಫೋನ್ ನಂಬರು ಕೊಟ್ಟಳು.

ಶನಿವಾರ ಮಧ್ಯಾಹ್ನ ಅವನು ಫೋನ್ ಮಾಡಿದಾಗ ಚಿಕ್ಕಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದರು.

“ದೂರು ವಿಭಾಗದವರಾ?”

“ಆಗಿದ್ದೆ. ನಿನ್ನೆ ನಿಲ್ಲಿಸಿದ್ರು.”

ಅವನು ಹೇಳಿದ: “ಮೇಡಂ, ಐವತ್ತನೇ ಮತ ನಂದು.”

“ಗೊತ್ತು, ಪಟ್ಟಿಯಲ್ಲಿದೆ. ನಿಮ್ಮ ಗೋಡೆ ಎಂಟನೇ ತಾರೀಖಿನೊಳಗೆ ಸರಿಹೋಗತ್ತೆ. ಬೇರೇನಾದ್ರೂ ಇದ್ಯಾ?”

“ನೀವು ನಿಜವಾಗ್ಲೂ ಮನುಷ್ಯರೇ.”

“ಅದನ್ನ ತೀರ್ಮಾನಿಸೋದು ನಾನಲ್ಲಪ್ಪ. ನಿಯಮ ಓದಿಲ್ವಾ?”

ಗೋಡೆ ಏಳನೆಯ ತಾರೀಖಿಗೇ ಸರಿಹೋಯಿತು. ಅಕ್ಕನ ಮಗಳು ತಿದ್ದಿದ್ದು ಒಂದು ಸಾಲು. ಆ ಶನಿವಾರದಿಂದಲೇ ಔಷಧಿಯವನು ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ, ಎರಡರಿಂದ ನಾಲ್ಕರವರೆಗೆ, ಫೋನಿನಲ್ಲಿ ಒಂದೊಂದೇ ದೂರು ಓದುವುದು, ಚಿಕ್ಕಮ್ಮ ಉತ್ತರ ಹೇಳುವುದು, ಅವನು ಅಕ್ಷರ ಬಿಡದೆ ಬರೆದು ತನ್ನ ಹೆಸರಿನಲ್ಲಿ ಹಾಕುವುದು ಎಂದು ನಿಗದಿಯಾಗಿತ್ತು. ಓದಿ, ಹೇಳಿ, ಬರೆಯುವಷ್ಟರಲ್ಲಿ ದಿನಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಒಂಬತ್ತು ಕಳೆದರೆ ಉಳಿತಾಯ ಐದು. ಐವತ್ತೊಂಬತ್ತು ದಿನಕ್ಕೆ ಇನ್ನೂರ ತೊಂಬತ್ತೈದು. ಲೆಕ್ಕ ಸಾಲುತ್ತಿತ್ತು, ಒಂದು ದಿನವೂ ತಪ್ಪದಿದ್ದರೆ. ಜೂನ್ ಹನ್ನೆರಡರಂದು ಅವನಿಗೆ ಜ್ವರ ಬಂತು. ಅವನು ತನ್ನ ಅಂಗಡಿಯ ಮಾತ್ರೆಯನ್ನೇ ನುಂಗಿ, ಹೊದಿಕೆಯೊಳಗಿಂದ ಹದಿನಾಲ್ಕನ್ನು ಓದಿದ.

ಅವನ ಖಾತೆಗೆ ಫೋಟೋ ಇತ್ತು: ನಗುವ ಮುಖ, ಹೆಗಲ ಮೇಲೊಂದು ಬೆಕ್ಕು. ಬಳಕೆದಾರರ ಸಂತೋಷಕ್ಕೆ ಪಾರವಿರಲಿಲ್ಲ. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದನೆಂದು ಬರೆದರು. “ವಿಷಯಕ್ಕೆ ಸಂಬಂಧಿಸಿದ ಅಂಶ ಕಂಡುಬಂದಿಲ್ಲ” ಎಂಬ ಮಾತಿನಲ್ಲಿರುವ ತಿಳಿಹಾಸ್ಯವನ್ನು ಯಾವ ಯಂತ್ರವೂ ಕಲಿಯಲಾರದೆಂದು ಮೊದಲು ಮತಕ್ಕಿಟ್ಟವನೇ ಮೆಚ್ಚಿಕೊಂಡ. ಔಷಧಿಯವನಿಗೆ ಮುಜುಗರವಾಗಿ, ಉತ್ತರಗಳೆಲ್ಲ ಆ ಚಿಕ್ಕಮ್ಮನವೇ, ತಾನು ಬರೀ ಬರೆದು ಹಾಕುವವನು ಎಂದು ಬಹಿರಂಗವಾಗಿ ತಿಳಿಸಿದ. ಎಂಥ ವಿನಯ ಎಂದು ಜನ ಇನ್ನಷ್ಟು ಕೊಂಡಾಡಿದರು.

ಜೂನ್ ಮೂವತ್ತರ ಸಂಜೆ ಬಾಕಿ ತೊಂಬತ್ತೆರಡು. ಬೀಗ ಬೀಳಲಿಲ್ಲ. ಜುಲೈ ಆರು, ಭಾನುವಾರ, ಅಕ್ಕನ ಮಗಳು ಎರಡು ವರ್ಷಗಳ ಮೇಲೆ ಆಟಕ್ಕೆ ಕುಳಿತಳು. ಮುಕ್ಕಾಲು ಗಂಟೆಯಲ್ಲಿ ಅವಳ ಯೋಧ ಬಾವಿಗೆ ಬಿದ್ದು ಸತ್ತ. ಅದಕ್ಕೆ ಅವಳು ದೂರು ಬರೆಯಲಿಲ್ಲ.

ಮರುದಿನ, ನಿಲ್ಲಿಸಿದ ಯಂತ್ರವನ್ನು ಮತ್ತೆ ನಡೆಸಬೇಕೆಂದು ಅವಳು ನಿಯಮದ ಪ್ರಕಾರವೇ ಮತಕ್ಕಿಟ್ಟಳು. ಮೊದಲ ಮತ ಔಷಧಿಯವನದು. ಈಗ ಉತ್ತರಿಸುತ್ತಿರುವ ಮನುಷ್ಯ ಇಷ್ಟು ಚೆನ್ನಾಗಿರುವಾಗ ಆ ಹಳೆಯ ಯಂತ್ರದ ಅಗತ್ಯವೇನೆಂದು ಹಲವರು ಕೇಳಿದ್ದಾರೆ. ಚಿಕ್ಕಮ್ಮ ಮಧ್ಯಾಹ್ನ ಎರಡಕ್ಕೆ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಜುಲೈ ಮೂವತ್ತೊಂದರ ಸಂಜೆಯವರೆಗೆ ಬಂದ ಮತ ಮೂವತ್ತೊಂದು. ಹತ್ತೊಂಬತ್ತು ಬರಬೇಕಾಗಿದೆ.