ಮಾವ ಬಳಿದ ಕಪ್ಪು

ಬಿಸಿಗಾಳಿ ಊದುವ ಹೀಟ್ ಗನ್ನು ನೇತುಹಾಕುವ ಮೊಳೆಯ ಪಕ್ಕ, ಗೋಡೆಯ ಮೇಲೇ, ಮಾವ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ: ಡ್ರಮ್ಮಿಗೆ ಬೇಡ. ತುಕ್ಕು ಹಿಡಿದ ಬೋಲ್ಟು ಸಡಿಲಿಸಲು ಬಳಸಬಹುದು, ಹಳೇ ಸ್ಟಿಕ್ಕರು ಕೀಳಲು ಬಳಸಬಹುದು, ಮರದ ಹತ್ತಿರ ಮಾತ್ರ ತರಕೂಡದು. ನಾನು ಮಾವನ ಡ್ರಮ್ಮು ರಿಪೇರಿ ಅಂಗಡಿಗೆ ಸೇರಿದ ದಿನವೇ ಆ ಬರಹ ಅಲ್ಲಿತ್ತು. ನನಗಿಂತ ಮೊದಲು ಅಲ್ಲಿ ನಾಲ್ಕು ವರ್ಷ ದುಡಿದ ಅಣ್ಣ ಮಾತ್ರ, "ಅಂಥದ್ದೇನೂ ಇರಲಿಲ್ಲ ಕಣೋ, ನಾವು ದಿನಾ ಅದರಲ್ಲೇ ಬಣ್ಣ ಕೀಳ್ತಿದ್ವಿ" ಅನ್ನುತ್ತಾನೆ.

ಹಾಗಾದರೆ ಮಾವ ಅದನ್ನು ಯಾವಾಗ ಬರೆದ? ಯಾಕೆ ಬರೆದ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಆ ದೊಡ್ಡ ಡ್ರಮ್ಮು ಐದು ವರ್ಷದ ಮೇಲೆ ಮತ್ತೆ ಅಂಗಡಿಯ ಬಾಗಿಲಿಗೆ ಬಂದಾಗ.

ಅದೊಂದು ಶಾಲೆಯ ಬ್ಯಾಂಡಿನ ಡ್ರಮ್ಮು. ತಂದವರು ಬ್ಯಾಂಡು ಕಲಿಸಲು ಹೊಸದಾಗಿ ಸೇರಿದ ಮೇಡಂ. "ಯಾರು ಈ ಗೇಟಿನ ಬಣ್ಣ ಬಳಿದದ್ದು ಇದಕ್ಕೆ? ಹಳೇ ಫೋಟೋದಲ್ಲಿ ಎಷ್ಟು ಚೆಂದ ಮರದ ಬಣ್ಣ ಇದೆ. ಎಲ್ಲಾ ಕಿತ್ತು ಮರ ಕಾಣೋ ಹಾಗೆ ಮಾಡಿ. ನಾಳೆ ನಾಲ್ಕು ಗಂಟೆಗೆ ಬಂದು ನೋಡ್ತೀನಿ, ಎಷ್ಟಾಗಿದೆ ಅಂತ" ಎಂದು ಹೇಳಿ ಹೋದರು.

ಬಳಿದವನು ಮಾವ. ಅದು ಮನೆಮಂದಿಗೆಲ್ಲ ಗೊತ್ತು. ಅವನು ಹೇಳಿದ ಕಥೆ ಹೀಗೆ: ಅಣ್ಣ ಡ್ರಮ್ಮನ್ನು ಮೆಟ್ಟಿಲ ಮೇಲಿಂದ ಬೀಳಿಸಿದ, ಅಂಚು ಒಂದು ಗೇಣಿನಷ್ಟು ಒಡೆಯಿತು, ಮಾವ ಪುಟ್ಟಿ ಮೆತ್ತಿ ಕಪ್ಪು ಬಳಿದು ಅಂಗಡಿಯ ಮಾನ ಉಳಿಸಿದ. ಅಣ್ಣ ಹೇಳಿದ್ದು ಇಷ್ಟೇ: "ನಾನು ಬೀಳಿಸಿಲ್ಲ. ಊಟ ಮುಗಿಸಿ ಬರೋ ಹೊತ್ತಿಗೆ ಅದು ಕಪ್ಪಾಗಿತ್ತು." ಅಮ್ಮ ಮಾವನನ್ನು ನಂಬಿದಳು. ಅವಳನ್ನು ಸಾಕಿ ಬೆಳೆಸಿದವನು ಅವನೇ. "ನನ್ನಣ್ಣ ಸುಳ್ಳು ಹೇಳೋನಲ್ಲ" ಅಂದಳು. "ಹಾಗಾದ್ರೆ ನಿನ್ನ ಮಗ ಹೇಳ್ತಾನಾ?" ಅಂತ ಅಣ್ಣ ಕೇಳಿದ. ಅಮ್ಮ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದಕ್ಕೇ ಅವನು ಮನೆ ಬಿಟ್ಟ. ಐದು ವರ್ಷದಿಂದ ತಾಯಿ ಮಗನಿಗೆ ಮಾತಿಲ್ಲ. ಚರ್ಮ ಬಿಗಿಯುವಾಗ ಬೆರಳ ತುದಿಯಲ್ಲೇ ಸ್ವರ ಹಿಡಿಯುತ್ತಿದ್ದ ಅಣ್ಣ ಈಗ ಮಹಡಿ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊರುತ್ತಾನೆ.

ಸಂಜೆ ಡ್ರಮ್ಮು ಕಂಡದ್ದೇ ಮಾವನ ಮುಖ ಇಳಿಯಿತು.

"ಯಾಕೆ ತಗೊಂಡೆ ಇದನ್ನ?"

"ಅಂಗಡಿ ಅಲ್ವಾ ಮಾವ? ತಂದ್ರು, ತಗೊಂಡೆ. ಬಣ್ಣ ಕೀಳಬೇಕಂತೆ."

"ಕೀಳೋದು ಬೇಡ. ಮೇಲ್ಮೇಲೆ ಉಜ್ಜಿ ಇನ್ನೊಂದು ಕೋಟು ಕಪ್ಪು ಹೊಡಿ. ಮೇಡಂ ಹತ್ರ ನಾನು ಮಾತಾಡ್ತೀನಿ."

"ಅವರಿಗೆ ಮರ ಕಾಣಬೇಕಂತೆ."

"ಎಂಟನೇ ಕ್ಲಾಸು ದಾಟದವನು ನನಗೆ ಪಾಠ ಹೇಳ್ತೀಯೇನೋ, ಒಲೆ?" ಮಾವ ನನ್ನನ್ನು ಕರೆಯುವುದೇ ಹಾಗೆ. ಯಾವಾಗಲೂ ಉರಿಯುತ್ತಿರುತ್ತೇನಂತೆ. "ಹೇಳಿದಷ್ಟು ಮಾಡು."

ಮರುದಿನ ಬೆಳಿಗ್ಗೆ ಅವನು ಹೊಸ ಚರ್ಮ ತರಲು ಪಟ್ಟಣದ ಆ ತುದಿಗೆ ಹೋದ. ಮೂರೂವರೆಗೆ ವಾಪಸು. ಅವನ ಬೈಕಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ನಾನು ಒಳಗಿನಿಂದ ಚಿಲಕ ಹಾಕಿದೆ. ಕಪ್ಪಿನ ಕೆಳಗೆ ಅಂಚು ಒಡೆದಿದ್ದರೆ ಅಣ್ಣ ಸುಳ್ಳುಗಾರ. ಒಡೆದಿಲ್ಲದಿದ್ದರೆ ಮಾವ. ನಡುವೆ ಇನ್ನೊಂದು ದಾರಿಯಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಐದು ವರ್ಷ ನಾನು ಅಣ್ಣನ ಪರ ಹಲ್ಲು ಕಡಿದವನು, ಆದರೆ ಕಣ್ಣಾರೆ ಏನನ್ನೂ ಕಂಡವನಲ್ಲ.

ಎರಡೂ ಕಡೆ ಚರ್ಮವನ್ನು ಬಿಗಿಹಿಡಿಯುವ ಬಳೆ ಬಿಚ್ಚಿ, ಚರ್ಮ ತೆಗೆದು, ಬೋಲ್ಟುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿದೆ. ಬೋಲ್ಟು ಹಿಡಿಯುವ ಕಬ್ಬಿಣದ ತುಂಡುಗಳ ಕೆಳಗೆ ಬೆರಳಗಲದ ಹಳೇ ಮರ ಕಂಡಿತು, ಬೆಲ್ಲದ ಬಣ್ಣ. ಹಿಂದಿನ ಅಂಚಿಗೆ ಕಪ್ಪು ತಾಗಿರಲಿಲ್ಲ. ಮುಂದಿನ ಅಂಚಿಗೆ ಮಾತ್ರ ಸುತ್ತಲೂ, ಒಳಗೂ ಹೊರಗೂ, ದಪ್ಪಗೆ ಬಳಿದಿತ್ತು. ಅಷ್ಟು ದಪ್ಪಗೆ ಯಾರೂ ಅಂದಕ್ಕೆ ಬಳಿಯುವುದಿಲ್ಲ.

ಪೇಂಟ್ ರಿಮೂವರ್ ಅನ್ನು ಬ್ರಷ್ಷಿನಲ್ಲಿ ಗಟ್ಟಿಯಾಗಿ ಹಚ್ಚಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ಕು ಹೊದಿಸಿ, ಇಪ್ಪತ್ತು ನಿಮಿಷ ಕಾಯಬೇಕು. ಬಣ್ಣ ಸುಕ್ಕುಗಟ್ಟಿ ಮೇಲೇಳುತ್ತದೆ. ಆಗ ಮೂಲೆ ಉರುಟು ಮಾಡಿದ, ಹಿಡಿಕೆಯಿರುವ ಲೋಹದ ಪಟ್ಟಿಯಲ್ಲಿ ಮರದ ಗೆರೆ ಹೋದ ಕಡೆಗೇ ತಳ್ಳಬೇಕು, ಅಡ್ಡ ಹೋದರೆ ಗಾಯ. ಇದನ್ನು ಕಲಿಸಿದವನು ಮಾವನೇ. ಕಾಯುವುದೊಂದನ್ನು ನನಗೆ ಕಲಿಸಲು ಅವನಿಂದ ಆಗಲಿಲ್ಲ.

ಮೊದಲ ಸುತ್ತಿಗೆ ಒಂದು ಪದರ ಹೋಯಿತು, ಕೆಳಗೆ ಇನ್ನೊಂದು ಕಪ್ಪು. ಎರಡನೆಯದು ಹೋದಾಗ ಗಂಟೆ ಒಂದೂವರೆ, ರಿಮೂವರ್ ಡಬ್ಬಿ ಮುಕ್ಕಾಲು ಖಾಲಿ. ಅಂಚಿನಿಂದ ಎರಡು ಬೆರಳು ಕೆಳಗೆ, ಅಂಗೈಯಗಲ, ಬಣ್ಣದ ಅಡಿಯಿಂದ ಬೂದು ಬಣ್ಣದ ಪುಟ್ಟಿ ಕಂಡಿತು. ಕಲ್ಲಿನ ಹಾಗೆ ಕೂತಿತ್ತು. ಪಟ್ಟಿ ಜಾರುತ್ತಿತ್ತು.

ಅಷ್ಟರಲ್ಲಿ ಫೋನು. ಮಾವ.

"ಬೇಗ ಸಿಕ್ತು ಕಣೋ ಸಾಮಾನು. ಮೂರಕ್ಕೆಲ್ಲ ಬಂದ್ಬಿಡ್ತೀನಿ. ಕೋಟು ಹೊಡೆದ್ಯಾ?"

"ಹೊಡೀತಿದೀನಿ."

ಫೋನನ್ನು ಮೇಜಿನ ಮೇಲೆ ಎಸೆದೆ. ನೇರ ಮೊಳೆಗೆ ಹೋಗಿ ಹೀಟ್ ಗನ್ನು ತೆಗೆದೆ. ಬರಹ ಕಣ್ಣಿಗೆ ಕಂಡಿತು. ನಿನ್ನ ಬರಹ ನಿನ್ನ ಹತ್ತಿರವೇ ಇಟ್ಟುಕೋ ಅಂದುಕೊಂಡೆ. ಪುಟ್ಟಿಯ ಮೇಲೆ ಗನ್ನು ಹಿಡಿದೆ. ಅಲ್ಲಾಡಿಸುತ್ತಾ ಹಿಡಿಯಬೇಕು, ಒಂದೇ ಕಡೆ ನಿಲ್ಲಿಸಬಾರದು, ಗೊತ್ತು. ನಿಲ್ಲಿಸಿದೆ. ಪುಟ್ಟಿ ಚಟ್ ಎಂದು ಸಿಡಿದು ಒಂದೇ ಬಿಲ್ಲೆಯಾಗಿ ಕೆಳಗೆ ಬಿತ್ತು. ಕೆಳಗಿನ ಮರ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು, ಮರದ ಮೇಲ್ಪದರ ಅಂಟು ಬಿಟ್ಟು ಗುಳ್ಳೆಯಂತೆ ಎದ್ದಿತ್ತು. ಸುಟ್ಟ ವಾಸನೆ ಅಂಗಡಿಯೆಲ್ಲ ತುಂಬಿತು.

ಒಂದು ಕ್ಷಣ ಕುಣಿದಾಡಬೇಕೆನಿಸಿತು. ಮಾವ ಸುಟ್ಟದ್ದು! ಸುಟ್ಟು ಮುಚ್ಚಿದ್ದು!

ಮರುಕ್ಷಣ ನನ್ನ ಕೈಯಲ್ಲಿದ್ದ ಗನ್ನು ಕಂಡಿತು. ಇನ್ನೂ ಬುಸುಗುಡುತ್ತಿತ್ತು.

ಯಾರು ಸುಟ್ಟದ್ದು ಇದು? ಐದು ವರ್ಷದ ಹಿಂದೆ ಅವನೋ, ಈಗ ತಾನೇ ನಾನೋ? ಬಗ್ಗಿ ನೋಡಿದೆ, ಉಗುರಿನಲ್ಲಿ ಕೆರೆದೆ, ಮೂಸಿದೆ. ಮರ ಏನೂ ಹೇಳಲಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ಸುಟ್ಟಿದ್ದೆ.

ಅಣ್ಣನಿಗೆ ಫೋನು ಮಾಡಿದೆ. ಹಿಂದೆ ಸಿಲಿಂಡರುಗಳು ಒಂದಕ್ಕೊಂದು ಬಡಿಯುವ ಸದ್ದು. ಎಲ್ಲ ಹೇಳಿದೆ. ಅವನು ನಕ್ಕ.

"ನೀನೂ ಸುಟ್ಟೆಯಾ? ಭೇಷ್. ಮನೆತನದ ವಿದ್ಯೆ ಬಿಡು."

"ನಗಬೇಡ ಅಣ್ಣ, ನನಗೆ ಮೈಯೆಲ್ಲ ಉರೀತಿದೆ."

"ನಿನಗೆ ಯಾವಾಗ ಉರಿಯಲ್ಲ ಹೇಳು? ಸುಟ್ಟದ್ದು ಬಿಡೋ ಮಾರಾಯ. ನಾನು ಸುಟ್ಟೆ ಅಂತ ಯಾರಾದ್ರೂ ಹೇಳಿದ್ರಾ? ಬೀಳಿಸ್ದೆ ಅಂತ ತಾನೆ ಹೇಳಿದ್ದು? ಒಂದು ಗೇಣು ಒಡೆದಿತ್ತು ಅಂತ ತಾನೆ? ಎಲ್ಲಿದೆ ಒಡೆದದ್ದು? ಅಂಚು ನೋಡು. ಪೂರ್ತಿ ಸುತ್ತು ನೋಡು, ಒಂದು ಬೆರಳೂ ಬಿಡಬೇಡ. ಬಿಟ್ರೆ ಅಲ್ಲೇ ಒಡೆದಿತ್ತು ಅಂತಾನೆ ಆ ಮನುಷ್ಯ." ನಂತರ ದನಿ ತಗ್ಗಿಸಿ ಅಂದ: "ಮತ್ತೆ ಗನ್ನು ಮುಟ್ಟಿದ್ರೆ ಕೈ ಮುರೀತೀನಿ."

ಉಳಿದ ರಿಮೂವರನ್ನು ಅಂಚಿನ ಸುತ್ತ ಎಣ್ಣೆ ಹಚ್ಚುವ ಹಾಗೆ ತೆಳ್ಳಗೆ ಹಚ್ಚಿದೆ. ಪ್ಲಾಸ್ಟಿಕ್ಕು ಸುತ್ತಿದೆ. ನೆಲದ ಮೇಲೆ ಕೂತು, ಗಡಿಯಾರ ನೋಡುತ್ತಾ, ಇಪ್ಪತ್ತು ನಿಮಿಷ ಕಾದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಹೊರಗೆ ಒಂದೊಂದು ಬೈಕು ಹೋದಾಗಲೂ ಚಿಲಕದ ಕಡೆ ನೋಡುತ್ತಿದ್ದೆ.

ಆಮೇಲೆ ಕೆರೆಯತೊಡಗಿದೆ. ಬೆರಳಗಲ, ಬೆರಳಗಲ. ಸುಟ್ಟ ಜಾಗದ ನೇರ ಮೇಲಿನ ಅಂಚು ಮೊದಲು. ಕಪ್ಪು ಸುರುಳಿಯಾಗಿ ಎದ್ದು ಬಂತು. ಕೆಳಗೆ ಮರ ಇಡಿಯಾಗಿತ್ತು. ಮುಂದಿನ ಗೇಣು, ಇಡಿ. ಅದರ ಮುಂದಿನದೂ ಇಡಿ. ಒಂದು ಕಡೆ ಪಟ್ಟಿಗೆ ಏನೋ ತಡೆಯಿತು, ಬಗ್ಗಿ ನೋಡಿದೆ. ಬಣ್ಣದ ಗಂಟು ಅಷ್ಟೇ. ಮೂರು ಗಂಟೆಗೆ ಸುತ್ತಿನ ಮೂರನೇ ಎರಡು ಪಾಲು ಮುಗಿದಿತ್ತು.

ಬಾಗಿಲು ಬಡಿಯಿತು.

"ಚಿಲಕ ಯಾಕೋ ಹಾಕಿದೀಯ?"

ತೆಗೆದೆ. ಮಾವ ಹೆಗಲ ಮೇಲಿನ ಚರ್ಮದ ಕಟ್ಟು ಇಳಿಸಲಿಲ್ಲ. ಮೊದಲು ಮೂಗು ಅರಳಿಸಿದ, ಆಮೇಲೆ ಮೊಳೆಯ ಕಡೆ ನೋಡಿದ, ಆಮೇಲೆ ಡ್ರಮ್ಮಿನ ಕಡೆ.

"ಗನ್ನು ಹಿಡಿದ್ಯಾ? ಸುಟ್ಟುಬಿಟ್ಯಲ್ಲೋ! ಗೋಡೆ ಮೇಲೆ ಬರೆದದ್ದು ಕಣ್ಣಿಗೆ ಕಾಣಲ್ವಾ?"

"ಯಾವಾಗ ಬರೆದ್ರಿ ಮಾವ ಅದನ್ನ?"

"ಮಾತು ತಿರುಗಿಸಬೇಡ! ಮೇಡಂಗೆ ಏನು ಹೇಳಲಿ ಈಗ? ಅಣ್ಣ ಬೀಳಿಸಿದ, ತಮ್ಮ ಸುಟ್ಟ. ನಮ್ಮ ತಂಗಿ ಹೊಟ್ಟೇಲಿ ಎಂಥಾ ರತ್ನಗಳು!"

"ಬೀಳಿಸಿದ ಏಟು ಎಲ್ಲಿದೆ?" ಡ್ರಮ್ಮನ್ನು ಮೇಜಿನ ಮೇಲೆ ತಿರುಗಿಸುತ್ತಾ ಹೋದೆ. ಬೆಲ್ಲದ ಬಣ್ಣದ ಅಂಚು ಅವನ ಕಣ್ಣ ಮುಂದೆ ನಿಧಾನಕ್ಕೆ ಸರಿಯಿತು. "ಒಂದು ಗೇಣು ಒಡೆದಿತ್ತು ಅಂದ್ರಲ್ಲ? ತೋರಿಸಿ."

ಮಾವ ತುಟಿ ಒದ್ದೆ ಮಾಡಿಕೊಂಡ. ಕಣ್ಣು ಉಳಿದ ಕಪ್ಪಿನ ಮೇಲೆ ಹೋಯಿತು.

"ಆ ಕಡೆ. ಅಲ್ಲಿ ಒಡೆದಿದ್ದು."

ಅಣ್ಣ ಹೇಳಿದ ಮಾತೇ! ನನ್ನ ಕೈಯಲ್ಲಿ ಪಟ್ಟಿಯಿತ್ತು. ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಹಿಡಿಕೆ ಅಂಗೈಗೆ ಕೊರೆಯುತ್ತಿತ್ತು. ಅದರಿಂದ ಏನು ಬೇಕಾದರೂ ಮಾಡಬಹುದಿತ್ತು ನಾನು. ತಿರುಗಿಸಿ, ಹಿಡಿಕೆಯ ಕಡೆಯಿಂದ ಅವನ ಮುಂದೆ ಚಾಚಿದೆ.

"ಹಾಗಾದ್ರೆ ನೀನೇ ತೆಗೆದು ತೋರಿಸು."

ಹುಟ್ಟಿದಾಗಿನಿಂದ ನಾನು ಅವನಿಗೆ "ನೀನು" ಅಂದವನಲ್ಲ. ಅವನಿಗೂ ಅದು ಕೇಳಿಸಿತು. ಬಯ್ಯುತ್ತಾನೆ ಅಂದುಕೊಂಡೆ. ಹೆಗಲಿನ ಕಟ್ಟು ಇಳಿಸಿ, ಪಟ್ಟಿ ತೆಗೆದುಕೊಂಡು, ಸ್ಟೂಲು ಎಳೆದು ಕೂತ.

ಮಾವ ಕೆರೆಯುವುದನ್ನು ನೋಡಬೇಕು. ಮಣಿಕಟ್ಟು ಅಲುಗುವುದೇ ಇಲ್ಲ, ಬಣ್ಣ ತಾನಾಗಿಯೇ ಬಿಟ್ಟುಕೊಡುತ್ತದೆ. ಒಂದು ಗೇಣು ತೆಗೆದ. ಮರ ಇಡಿಯಾಗಿತ್ತು. ಇನ್ನೊಂದು ಗೇಣು ತೆಗೆದ. ಅವನ ಹಣೆಯ ಬೆವರು ಮರದ ಮೇಲೆ ತೊಟ್ಟಿಕ್ಕಿತು, ತೋಳಿನಲ್ಲಿ ಒರೆಸಿದ. ಕೊನೆಗೆ ನಾಲ್ಕು ಬೆರಳಿನಷ್ಟು ಕಪ್ಪು ಉಳಿಯಿತು. ಅಲ್ಲಿ ಕೈ ನಿಂತಿತು.

"ತೆಗಿ" ಅಂದೆ.

"ಸಾಕು ಬಿಡೋ."

"ಒಂದು ಬೆರಳೂ ಬಿಡಬಾರದು."

ತೆಗೆದ. ಅಲ್ಲೂ ಏನಿಲ್ಲ. ಡ್ರಮ್ಮಿನ ಬಾಯಿ ಸುತ್ತಲೂ ನುಣ್ಣಗೆ, ಉಗುರು ಸಿಕ್ಕುವಷ್ಟೂ ಚಕ್ಕೆ ಎದ್ದಿರಲಿಲ್ಲ.

ಮೇಡಂ ಬಂದಾಗ ನಾವಿಬ್ಬರೂ ಹಾಗೇ ಕೂತಿದ್ದೆವು. ಅವರು ಮರ ನೋಡಿ ಮೊದಲು "ಅಬ್ಬಾ!" ಅಂದರು, ಆಮೇಲೆ ಸುಟ್ಟ ಜಾಗಕ್ಕೆ ಬೆರಳಿಟ್ಟರು.

"ಇದು ಯಾರು ಮಾಡಿದ್ದು?"

"ನಾನು" ಅಂದೆ. "ಇವತ್ತು. ಆತುರಪಟ್ಟು ಗನ್ನು ಹಿಡಿದೆ." ಅದು ನಿಜವಿತ್ತು. ನನ್ನ ಪಾಲಿನದನ್ನು ನಾನು ಹೇಳಿದ್ದೆ, ಮಿಕ್ಕಿದ್ದನ್ನು ಹೇಳುವ ಬಾಯಿ ನನ್ನದಲ್ಲ. ಮಾವನ ಕಡೆ ನೋಡಿದೆ. ನೋಡುತ್ತಲೇ ಇದ್ದೆ.

ಅವನು ನೆಲದಿಂದ ಪುಟ್ಟಿಯ ಬಿಲ್ಲೆ ಎತ್ತಿಕೊಂಡ. ಕೈಯಲ್ಲಿ ಹೊರಳಿಸಿದ.

"ಇವನು ಸುಟ್ಟದ್ದು ಸುಟ್ಟದ್ದರ ಮೇಲೆ ಮೇಡಂ" ಅಂದ. "ಮೊದಲು ಸುಟ್ಟವನು ನಾನು. ಐದು ವರ್ಷ ಆಯ್ತು. ಪುಟ್ಟಿ ಮೆತ್ತಿ, ಕಪ್ಪು ಬಳಿದು ಕೊಟ್ಟೆ. ಯಾರೋ ಬೀಳಿಸಿದ್ರು ಅಂತ ನಿಮ್ಮ ಹಳೇ ಮೇಷ್ಟ್ರಿಗೆ ಹೇಳ್ದೆ."

ಮೇಡಂ ಇಬ್ಬರ ಮುಖವನ್ನೂ ನೋಡಿದರು. "ಸರಿಹೋಗುತ್ತಾ?"

"ಆ ಪದರ ಕತ್ತರಿಸಿ ಬೇರೆ ಮರ ಕೂರಿಸ್ತೀನಿ. ಗುರುತು ಉಳಿಯುತ್ತೆ."

"ಉಳೀಲಿ. ಮತ್ತೆ ಬಣ್ಣ ಮಾತ್ರ ಬಳೀಬೇಡಿ" ಎಂದು ಹೇಳಿ ಹೋದರು.

ಬಾಗಿಲು ಮುಚ್ಚಿದ ಮೇಲೆ ಮಾವ ಅಂದ, "ನಿಮ್ಮಮ್ಮನಿಗೆ ಹೇಳ್ತೀನಿ. ಭಾನುವಾರ ಮನೆಗೆ ಬಂದು..."

"ಈಗ."

"ಫೋನಿನಲ್ಲಿ ಹೇಳೋ ಮಾತೇನೋ ಅದು?"

"ಅಣ್ಣನ್ನ ಅಂಗಡಿಯಿಂದ ಹೊರಗೆ ಹಾಕಿದ್ದೂ ಫೋನಿನಲ್ಲೇ. ಈಗ ಹೇಳು."

ಅವನು ಜೇಬಿನಿಂದ ಫೋನು ತೆಗೆದ. ಬೆರಳಿಗೆಲ್ಲ ರಿಮೂವರ್ ಮೆತ್ತಿತ್ತು, ಕರಗಿದ ಕಪ್ಪು ಮೆತ್ತಿತ್ತು. ಒತ್ತಿದರೆ ಹತ್ತುತ್ತಿರಲಿಲ್ಲ. ಮತ್ತೆ ಒತ್ತಿದ. ಗಾಜಿನ ಮೇಲೆ ಮಸಿ ಹರಡಿತು.

ನನಗೆ ಅಯ್ಯೋ ಅನಿಸಲಿಲ್ಲ. ಐದು ವರ್ಷ ಅಷ್ಟು ಬೇಗ ಇಳಿಯುವುದಿಲ್ಲ. ಆದರೂ ಫೋನು ಕಸಿದುಕೊಂಡು ನನ್ನ ಅಂಗಿಯ ತುದಿಯಲ್ಲಿ ಒರೆಸಿ, ಅಮ್ಮನ ನಂಬರು ಒತ್ತಿ, ಅವನ ಕಿವಿಗೆ ಹಿಡಿದೆ.

ಮೂರನೇ ರಿಂಗಿಗೆ ಅಮ್ಮ ಎತ್ತಿದಳು. "ಹೇಳಣ್ಣ" ಅಂದಳು.