‘ನಡೆಸಬಹುದು’ ಎಂದ ಕಾಲಂ

ಲಿಫ್ಟ್ ತಪಾಸಣೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಊರಿನ ಏಳುನೂರು ಚಿಲ್ಲರೆ ಲಿಫ್ಟುಗಳ ಜಾತಕ ಅವಳ ಕಂಪ್ಯೂಟರಿನಲ್ಲಿತ್ತು. ಕೊನೆಯ ತಪಾಸಣೆಯಾಗಿ ಎಷ್ಟು ದಿನವಾಯಿತು, ಬ್ರೇಕ್ ಹೇಗಿದೆ, ರೋಪ್ ಎಷ್ಟು ಸವೆದಿದೆ ಎಂಬ ಮೂರು ಕಾಲಂಗಳನ್ನು ಸಾಲುಸಾಲಾಗಿ ನೋಡಿ, ಯಾವುದನ್ನು ನಡೆಸಬಹುದು, ಯಾವುದನ್ನು ನಿಲ್ಲಿಸಬೇಕು ಎಂದು ಬರೆಯುವಷ್ಟರಲ್ಲಿ ವಾರಕ್ಕೆ ಎರಡು ದಿನ ಮಣ್ಣುಪಾಲಾಗುತ್ತಿತ್ತು.

ಆ ಸೋಮವಾರ ಅವಳು, ಪಟ್ಟಿಯಿಂದ ಬೇಕಾದ್ದನ್ನು ಹೆಕ್ಕಿಕೊಡುವ ಕ್ವೆರಿಯಲ್ಲೇ ನಾಲ್ಕನೆಯದೊಂದು ಕಾಲಂ ಕಟ್ಟಿದಳು. ಮೂರನ್ನೂ ನೋಡಿ ಉತ್ತರವನ್ನು ತಾನೇ ತುಂಬಿಕೊಳ್ಳುವ ಕಾಲಂ. ತಪಾಸಣೆಯಾಗಿ ತೊಂಬತ್ತು ದಿನ ದಾಟಿಲ್ಲವಾದರೆ ‘ನಡೆಸಬಹುದು’. ಅದಲ್ಲವಾದರೆ, ಬ್ರೇಕ್ ಕೆಟ್ಟಿದ್ದರೆ ‘ನಿಲ್ಲಿಸಿ’. ಅದೂ ಅಲ್ಲವಾದರೆ, ರೋಪ್ ಸವೆದಿದ್ದರೆ ‘ನಿಲ್ಲಿಸಿ’. ಉಳಿದದ್ದೆಲ್ಲ ‘ತಪಾಸಣೆ ಬಾಕಿ’. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲಂ ತುಂಬಿತು. ಮೇಲಿನ ಹತ್ತು ಸಾಲು ತಾಳೆ ನೋಡಿದಳು, ಸರಿಯಿತ್ತು. ಎಲ್ಲ ಕಟ್ಟಡಗಳ ಕಾವಲುಗಾರರಿಗೂ ಮೆಕ್ಯಾನಿಕ್‌ಗಳಿಗೂ ಸಂದೇಶ ಕಳಿಸಿ, ಚಹಾ ತರಲು ಎದ್ದಳು.

ಅಷ್ಟರಲ್ಲಿ ಗ್ರೀಸಣ್ಣನ ಫೋನ್ ಬಂತು. ಮೆಕ್ಯಾನಿಕ್‌ಗಳಲ್ಲಿ ಹಳಬ, ಮದುವೆಮನೆಗೂ ಉಗುರಲ್ಲಿ ಗ್ರೀಸ್ ಇಟ್ಟುಕೊಂಡೇ ಹೋಗುವವನು.

“ಅಲ್ಲಮ್ಮ, ಬಟ್ಟೆ ಅಂಗಡಿಗಳ ಕಟ್ಟಡದ ಲಿಫ್ಟ್ ಯಾರು ರಿಪೇರಿ ಮಾಡಿದ್ರು?”

“ನಂಗೇನು ಗೊತ್ತಣ್ಣ? ಯಾಕೆ?”

“ಶನಿವಾರ ಬ್ರೇಕ್ ನೋಡಿ, ಹಿಡಿಯೋದೇ ಇಲ್ಲ ಅಂತ ಬರೆದು, ಬಾಗಿಲಿಗೆ ಚೈನ್ ಹಾಕಿ ಬಂದೋನು ನಾನು. ಈಗ ‘ನಡೆಸಬಹುದು’ ಅಂತ ಮೆಸೇಜ್ ಬಂದಿದೆ.”

ಅವಳು ಪರದೆಗೆ ಮರಳಿ ತನ್ನ ಷರತ್ತುಗಳನ್ನು ಮತ್ತೆ ಓದಿದಳು. ಕ್ವೆರಿ ಮೇಲಿನಿಂದ ಕೆಳಗೆ ನೋಡುತ್ತದೆ. ಮೊದಲು ಯಾವ ಮಾತು ನಿಜವಾಗುತ್ತದೋ ಅಲ್ಲಿಗೇ ನಿಂತುಬಿಡುತ್ತದೆ, ಮುಂದಿನದನ್ನು ಓದುವುದೇ ಇಲ್ಲ. ಶನಿವಾರ ತಪಾಸಣೆಯಾದ ಲಿಫ್ಟಿಗೆ ಎರಡೇ ದಿನ, ‘ನಡೆಸಬಹುದು’. ಬ್ರೇಕ್ ಕೆಟ್ಟಿದೆ ಎಂದು ಆ ತಪಾಸಣೆಯೇ ಹೇಳಿದ್ದನ್ನು ಅದು ತಿರುಗಿಯೂ ನೋಡಿರಲಿಲ್ಲ.

ಪಟ್ಟಿಯಲ್ಲಿ ಹುಡುಕಿದಳು. ಅಂಥವು ನಾಲ್ಕಿದ್ದವು. ಮೂರು ಕಡೆ ಫೋನಿನಲ್ಲೇ ನಿಲ್ಲಿಸಿದಳು. ಬಟ್ಟೆ ಅಂಗಡಿಗಳ ಕಟ್ಟಡದ ಕಾವಲುಗಾರ ಮಾತ್ರ ಫೋನ್ ಎತ್ತಲಿಲ್ಲ. ಗ್ರೀಸಣ್ಣ ಊರಿನ ಇನ್ನೊಂದು ತುದಿಯಲ್ಲಿದ್ದ. ಆ ಕಟ್ಟಡ ಕಚೇರಿಯಿಂದ ಎರಡೇ ಬೀದಿಯಾಚೆ. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ಬಿಚ್ಚಿದ ಚೈನನ್ನು ಕಾವಲುಗಾರ ಅಚ್ಚುಕಟ್ಟಾಗಿ ಸುತ್ತಿ ಸ್ಟೂಲಿನ ಮೇಲಿಟ್ಟಿದ್ದ. “ನೀವೇ ಹೇಳಿದ್ರಲ್ಲ ಮೇಡಂ, ನಡೆಸಬಹುದು ಅಂತ,” ಎಂದ. ಬಾಗಿಲ ಮೇಲಿನ ಅಂಕಿ ನಾಲ್ಕು, ಮೂರು, ಎರಡು ಎಂದು ಇಳಿಯುತ್ತಿತ್ತು.

ಲಿಫ್ಟ್ ನೆಲಮಹಡಿಗೆ ಬಂದು ನಿಂತಿತು, ಬಾಗಿಲು ತೆರೆಯಿತು. ಒಳಗೆ ನಾಲ್ಕನೇ ಮಹಡಿಯ ದರ್ಜಿ, ಎದೆಯುದ್ದದ ಬಟ್ಟೆಗಂಟು ಅಪ್ಪಿಕೊಂಡು. ಗಂಟಿನ ಮರೆಯಲ್ಲಿ ಅವನಿಗೆ ನೆಲವೇ ಕಾಣುತ್ತಿರಲಿಲ್ಲ. ಕಾಲು ಹೊರಗಿಟ್ಟ. ಅದೇ ಹೊತ್ತಿಗೆ, ಹಿಡಿಯುವ ಬ್ರೇಕ್ ಇಲ್ಲದೆ, ರೋಪಿನ ಇನ್ನೊಂದು ತುದಿಯ ಎದುರುಭಾರದ ಎಳೆತಕ್ಕೆ ಲಿಫ್ಟ್ ಬಾಗಿಲು ತೆರೆದುಕೊಂಡೇ, ಸದ್ದಿಲ್ಲದೆ, ಮೇಲಕ್ಕೆ ತೆವಳತೊಡಗಿತು.

“ಕಾಲು ಒಳಗೆ ತಗೊಳ್ಳಿ!”

ತನ್ನ ಗಂಟಲಿನಿಂದ ಅಂಥ ದನಿ ಹೊರಟೀತೆಂದು ಅವಳಿಗೇ ಗೊತ್ತಿರಲಿಲ್ಲ. ದರ್ಜಿ ಬೆಚ್ಚಿ ಹಿಂದಕ್ಕೆ ಬಿದ್ದ. ಕಳಚಿದ ಚಪ್ಪಲಿಯೊಂದು ಲಿಫ್ಟಿನ ಹೊಸ್ತಿಲಂಚಿನಲ್ಲೇ ಉಳಿದು, ಮೇಲೇರಿ, ಬಾಗಿಲ ಚೌಕಟ್ಟಿಗೆ ಸಿಕ್ಕಿ ಕರಕರ ಎಂದು ಹರಿಯಿತು. ಆಮೇಲೆ ಖಾಲಿ ಬಾವಿಯಂಥ ಕತ್ತಲು, ತಿರುಗುವ ಗಾಲಿಯ ಸದ್ದು, ಎಲ್ಲೋ ತುದಿಯಲ್ಲಿ ದಢಾರ್. ನಂತರ ಏನೂ ಇಲ್ಲ.

ಅವಳು ಗ್ರೀಸಣ್ಣನಿಗೆ ಫೋನ್ ಮಾಡಿ ಕೂಡಲೇ ಬರಹೇಳಿದಳು. ಮೇಲಿನಿಂದ ಸಣ್ಣ ದನಿ ಬರುವಷ್ಟರಲ್ಲಿ ಒಂದು ಯುಗವೇ ಕಳೆದಂತಾಯಿತು: “ಯಾರಾದ್ರೂ ಇದ್ದೀರೇನ್ರೀ?”

ಗ್ರೀಸಣ್ಣ ಬಂದು ಮೋಟಾರ್ ಕೋಣೆಯಿಂದ ಕೈಯಲ್ಲೇ ಗಾಲಿ ತಿರುಗಿಸಿ ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ದರ್ಜಿ ಬಟ್ಟೆಗಂಟಿನ ಮೇಲೆಯೇ ಬಿದ್ದಿದ್ದ. ಭುಜ ಊದಿತ್ತು, ಮೂಳೆ ಮುರಿದಿರಲಿಲ್ಲ. “ಯಾರು ತಾಯಿ ಕೂಗಿದ್ದು?” ಎಂದು ಕೇಳಿದ. ಕೂಗಿದವಳೂ ತಾನೇ, ಚೈನ್ ಬಿಚ್ಚಿಸಿದವಳೂ ತಾನೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ಅವಳಿಗೆ ಮನಸ್ಸಾಗಲಿಲ್ಲ. ಎರಡನ್ನೂ ಹೇಳುವ ಧೈರ್ಯ ಅಲ್ಲಿ ಬರಲಿಲ್ಲ.

ಕಚೇರಿಗೆ ಮರಳಿ, ಬರಿಗಾಲಲ್ಲೇ ಹಿರಿಯ ಇಂಜಿನಿಯರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಪರದೆಯ ಮೇಲೆ ಅವಳ ಷರತ್ತುಗಳನ್ನು ಒಂದೊಂದಾಗಿ ಓದಿದರು.

“ಮೊದಲು ಕೆಟ್ಟದ್ದನ್ನ ಕೇಳಬೇಕಮ್ಮ, ದಿನದ ಲೆಕ್ಕ ಕೊನೆಗೆ,” ಎಂದರು. “ವರದಿಯಲ್ಲಿ ನಿನ್ನ ಹೆಸರೂ ಬರುತ್ತೆ, ನೋಡದೆ ಬಿಟ್ಟ ನನ್ನ ಹೆಸರೂ ಬರುತ್ತೆ. ಆ ದರ್ಜಿಯವರ ಹತ್ತಿರ ನಾಳೆ ಇಬ್ಬರೂ ಹೋಗೋಣ.”

ಅಂದೇ ಷರತ್ತುಗಳನ್ನು ತಿರುಗಿಸಿ ಬರೆದಳು: ಬ್ರೇಕ್, ರೋಪ್, ಆಮೇಲೆ ದಿನ. ನಾಲ್ಕೂ ಲಿಫ್ಟುಗಳ ಎದುರು ‘ನಿಲ್ಲಿಸಿ’ ಎಂದು ಬಂತು. ಆದರೂ ಕಳಿಸುವ ಗುಂಡಿಯ ಮೇಲೆ ಬೆರಳಿಡಲಾಗಲಿಲ್ಲ. ಗ್ರೀಸಣ್ಣ ಪಕ್ಕದಲ್ಲಿ ಕುಳಿತು ಏಳುನೂರು ಚಿಲ್ಲರೆ ಸಾಲುಗಳನ್ನೂ ಗಟ್ಟಿಯಾಗಿ ಓದಿದ. ಅವಳು ಒಂದೊಂದನ್ನೂ ತಾಳೆ ನೋಡಿ ಹೂಂಗುಟ್ಟುತ್ತ ಹೋದಳು.