ಮಜ್ಜಿಗೆಯ ಕಹಿ

ನಾಲಿಗೆಯ ಬುಡದಲ್ಲಿ ಇನ್ನೂ ಕಹಿ, ಬೆಳಿಗ್ಗೆ ಕುಡಿದ ಮಜ್ಜಿಗೆಯದ್ದೇ, ನಮ್ಮೂರು ವಡ್ಡುವಿನಿಂದ ಹೊಸಪೇಟೆಯವರೆಗೂ ಬಸ್ಸಿನಲ್ಲಿ ಉಗುಳು ನುಂಗುತ್ತಲೇ ಬಂದೆ, ಹೋಗಲಿಲ್ಲ — ಪಕ್ಕದಲ್ಲಿ ಕುಳಿತ ಗಂಡ ಆಸ್ಪತ್ರೆಯ ಫ್ಯಾನ್ ನೋಡುತ್ತಿದ್ದಾನೆ, ಈಚೆಗೆ ಹಂಪೇಶ್ ನನ್ನ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡುತ್ತಾನೆ. ಕರುಳಿನ ಹುಣ್ಣಿಗೆ ಕೊಟ್ಟ ಹೊಸ ಮಾತ್ರೆ ದಪ್ಪ, ಗಂಟಲಲ್ಲಿ ಸಿಕ್ಕಿ ವಾಂತಿಯಾಗುತ್ತಿತ್ತು, ನಾ ಪುಡಿ ಮಾಡಿ ಕೊಡ್ತೀನಿ ಬಿಡು ಪಂಪಾ ಅಂದ, ಇಷ್ಟು ದಿನ ಒಂದು ಲೋಟ ನೀರೂ ಎತ್ತಿ ಕೊಡದಿದ್ದವನು. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಕುಟ್ಟಾಣಿಯಲ್ಲಿ ಕುಟ್ಟುತ್ತಾನೆ, ಮಜ್ಜಿಗೆಗೆ ಕದಡುತ್ತಾನೆ, ನಾನು ಕುಡಿದು ಮುಗಿಸುವವರೆಗೂ ಕದಲುವುದಿಲ್ಲ — ಪುಡಿಯಾದ ಮೇಲೆ ಯಾವುದು ಮಾತ್ರೆ, ಯಾವುದು ಇನ್ನೊಂದು, ಯಾರಿಗೆ ಗೊತ್ತು. ಮಲದಲ್ಲಿ ಬೀಳುವ ರಕ್ತ ನಿಲ್ಲಬೇಕಿತ್ತು, ಹೆಚ್ಚಾಯಿತು. ಇನ್ನ ಎಷ್ಟ ದಿನ ಕಾಯ್ತೀಯಪ್ಪಾ, ನಿನಗೂ ಒಂದು ಮಗು ಬ್ಯಾಡೇನು, ಅತ್ತೆ ತಾಯಕ್ಕ ಅಂದದ್ದು ಗೋಡೆಯಾಚೆ ಕೇಳಿಸಿತ್ತು, ಇವನ ಉತ್ತರ ಕೇಳಿಸಲಿಲ್ಲ, ಏನೋ ಹೇಳಿದ್ದಂತೂ ನಿಜ — ಬಾಗಿಲಲ್ಲಿ ನರ್ಸ್, ಪಂಪಾವತಿ ಯಾರ್ರೀ, ಒಳಗ ಬರ್ರಿ.

ಡಾಕ್ಟರ್ ಶ್ರೀಲಕ್ಷ್ಮೀ ಹೊಟ್ಟೆ ಒತ್ತಿ ನೋಡುತ್ತಾರೆ, ಎಡಗಡೆ ಜೀವ ಹೋದಂತೆ ನೋವು, ಮಾತ್ರಿ ಹೆಂಗ ತಗೋತೀರಿ, ನಾನು ಬಾಯಿ ತೆರೆಯುವ ಮೊದಲೇ ಇವನು, ಪುಡಿ ಮಾಡಿ ಕೊಡ್ತೀನ್ರಿ ಮೇಡಂ. ಡಾಕ್ಟರ ಕೈ ನನ್ನ ಹೊಟ್ಟೆಯ ಮೇಲೆಯೇ ನಿಂತಿತು. ಅಯ್ಯೋ, ಕುಟ್ಟಬ್ಯಾಡ್ರಿ ಅಂತ ಆವತ್ತ ನಿಮಗ ಹೇಳಿದ್ನಲ್ಲ — ಆವತ್ತು ನಾನು ಎಲ್ಲಿದ್ದೆ, ಶೌಚಾಲಯದಲ್ಲಿ, ಎರಡನೇ ಸಲ, ಬರುವಷ್ಟರಲ್ಲಿ ಚೀಟಿ ಇವನ ಜೇಬು ಸೇರಿತ್ತು. ಆ ಮಾತ್ರಿ ಮ್ಯಾಲಿರೋದು ಚವಳಿಕಾಯಿ, ಅಂದ್ರ ಗೋರಿಕಾಯಿ, ಬೀಜದ ಅಂಟಮ್ಮಾ, ಸಕ್ಕರಿ ಸರಪಳಿ ಇದ್ದಂಗ, ಹೊಟ್ಟ್ಯಾಗ ಕರಗಂಗಿಲ್ಲ, ದೊಡ್ಡ ಕರುಳಿಗೆ ಹೋದ ಮ್ಯಾಲೆ ಅಲ್ಲಿನ ಸೂಕ್ಷ್ಮಜೀವಿಗಳು ಅಂಟು ತಿಂತಾವ, ಆಗ ಔಷಧ ಹುಣ್ಣಿಗೆ ಮುಟ್ತೈತಿ, ಕುಟ್ಟಿದ್ರ ಔಷಧ ಮ್ಯಾಲೇ ಹೊಟ್ಟ್ಯಾಗ ಖಾಲಿ, ಹುಣ್ಣಿಗೆ ಮುಟ್ಟಂಗಿಲ್ಲ. ಹಾಗಾದರೆ ಬೇರೇನೂ ಬೆರೆಸಿರಲಿಲ್ಲ, ಮಾತ್ರೆಯದ್ದೇ ಕಹಿ, ಬೆರೆಸುವ ಅಗತ್ಯವೇ ಇರಲಿಲ್ಲ, ಕುಟ್ಟಿದರೆ ಸಾಕಿತ್ತು. ಮರ್ತಿದ್ನ್ರೀ, ಆಕಿ ವಾಂತಿ ಮಾಡ್ಕೊಳ್ಳೋದು ನೋಡಾಕ ಆಗಲಿಲ್ರಿ, ಇವನ ಕಣ್ಣು ಒದ್ದೆಯಾಗಿದೆ, ನಿಜವಾಗಿಯೂ ಒದ್ದೆ — ಕಾರ್ಖಾನೆಯಲ್ಲಿ ಯಾರಿಗೆ ಯಾವ ಶಿಫ್ಟ್ ಎಂದು ಬಾಯಿಪಾಠ ಒಪ್ಪಿಸುವವನು, ಇದೊಂದನ್ನು ಮರೆತ.

ಮಾತ್ರೆಯ ಸ್ಟ್ರಿಪ್ ಇವನ ಕೈಯಿಂದ ತೆಗೆದುಕೊಂಡೆ, ಇನ್ನ ಮ್ಯಾಲೆ ನನ್ನತ್ರನೇ ಇರ್ಲಿ, ಅಂದದ್ದು ನಾನೇ, ಅಷ್ಟು ಗಟ್ಟಿಯಾಗಿ. ಒಂದನ್ನು ನಾಲಿಗೆಯ ಮೇಲಿಟ್ಟು ಕತ್ತು ಬಗ್ಗಿಸಿ ನೀರು ಕುಡಿದೆ, ಡಾಕ್ಟರು ಹೇಳಿಕೊಟ್ಟಂತೆ, ಕಣ್ಣಲ್ಲಿ ನೀರು ಬಂತು, ಇಳಿಯಿತು, ಇಡಿಯಾಗಿ. ಇವನು ಬೆನ್ನು ಸವರಲು ಬಂದ, ಸರಿದು ಕುಳಿತೆ, ತಪ್ಪೋ ಸರಿಯೋ, ಮರೆತನೋ ಇಲ್ಲವೋ — ಡಾಕ್ಟರು ಇನ್ನೊಂದು ಮಾತ್ರೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ತೋರಿಸುತ್ತಿದ್ದಾರೆ, ನೋಡ್ರಿ, ಅದು ಉಬ್ಬುತ್ತಿದೆ, ಸುತ್ತಲೂ ಲೋಳೆ ಕಟ್ಟುತ್ತಿದೆ, ಒಡೆಯುತ್ತಿಲ್ಲ, ಒಳಗಿರುವುದು ಕಾಣುತ್ತಿಲ್ಲ, ಗಾಜಿನಾಚೆ ಇವನ ಮುಖ, ನಡುವೆ ಮಾತ್ರೆ, ಉಬ್ಬುತ್ತಿದೆ, ಒಡೆಯುತ್ತಿಲ್ಲ, ಒಡೆಯುತ್ತಿಲ್ಲ